ಆಲ್ಸಿಪಿ ಕುಲದ ವರ್ಗೀಕರಣ: ಶಿರಸಿಯ ಸೊಪ್ಪಿನ ಬೆಟ್ಟದಿಂದ ವಂಶವೃಕ್ಷದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡದ ಕಾಡಿನಲ್ಲಿ ದಿನಾ ಸಿಗುವ, ಆದರೆ ಯಾರೂ ಜಾಸ್ತಿ ಮಾತಾಡದ ಹಕ್ಕಿಯೊಂದಿದೆ. ಬ್ರೌನ್ ಚೀಕ್ಡ್ ಫುಲ್ವೆಟ್ಟ. ಹಳೆಯ ಪುಸ್ತಕಗಳಲ್ಲಿ ಕ್ವೇಕರ್ ಬ್ಯಾಬ್ಲರ್ ಅಂತಿತ್ತು. ಮೈಯೆಲ್ಲ ಕಂದು, ನೆತ್ತಿ ಬೂದು, ಹೊಟ್ಟೆ ಮಾಸಲು. ದಾಂಡೇಲಿಗೆ ಕ್ಯಾಮೆರಾ ಹೊತ್ತು ಬರುವವರು ಮಂಗಟ್ಟೆ ಹುಡುಕುತ್ತಾ ಇದನ್ನು ದಾಟಿ ಹೋಗುತ್ತಾರೆ.

ಆದರೆ ಹಕ್ಕಿಗಳ ವರ್ಗೀಕರಣ ಹೇಗೆ ನಡೆಯುತ್ತದೆ ಅಂತ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಹಕ್ಕಿ ನಮ್ಮ ಜಿಲ್ಲೆಯಲ್ಲಿಲ್ಲ. ಇದರ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರು ಆಲ್ಸಿಪಿ. ಒಂದು ಕಾಲದಲ್ಲಿ ಈ ಕುಲದಲ್ಲಿ ಏಷ್ಯಾದ ಹತ್ತಾರು ಪುಟ್ಟ ಹಾಡುಹಕ್ಕಿಗಳಿದ್ದವು. ಡಿಎನ್ಎ ಬಂದ ಮೇಲೆ ಅರ್ಧಕ್ಕರ್ಧ ಬೇರೆ ಬೇರೆ ಕುಟುಂಬಗಳಿಗೆ, ಅಂದರೆ ಕುಲಗಳ ದೊಡ್ಡ ಗುಂಪುಗಳಿಗೆ, ಹೋದವು. ಉಳಿದವುಗಳಿಗೆ ಈಗ ಅವುಗಳದೇ ಕುಟುಂಬ. ಆ ಕುಟುಂಬಕ್ಕೆ ದಕ್ಷಿಣ ಭಾರತದಲ್ಲಿರುವ ಒಂದೇ ಒಂದು ಪ್ರತಿನಿಧಿ ನಮ್ಮ ಈ ಕಂದು ಹಕ್ಕಿ.

ಇದನ್ನೆಲ್ಲ ಸುಮ್ನೆ ಓದಿ ಒಪ್ಪಿಕೊಳ್ಳಬೇಕಾಗಿಲ್ಲ. ಒಂದು ಬೈನಾಕ್ಯುಲರ್, ಒಂದು ಮೊಬೈಲು, ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಬಹುಪಾಲು ನೀವೇ ಪರೀಕ್ಷಿಸಿ ನೋಡಬಹುದು. ಅದಕ್ಕೇ ಈ ಬರಹ. ಜೀವಶಾಸ್ತ್ರ ಓದಿರಲೇಬೇಕು ಅಂತೇನಿಲ್ಲ. ತಾಳ್ಮೆ ಇರಬೇಕು.

ಹೆಜ್ಜೆ 1: ಮೊದಲು ಹಕ್ಕಿಯನ್ನು ನೋಡಿ, ಅದರ ಅಕ್ಕಪಕ್ಕದವರನ್ನೂ ನೋಡಿ

ಎಲ್ಲಿ ನೋಡಬಹುದು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದರೆ ದೂರ ಹೋಗಬೇಕಿಲ್ಲ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ದಟ್ಟವಾಗಿದ್ದರೆ ಸಾಕು. ಕಾನು, ಅಂದರೆ ನಿತ್ಯಹಸಿರು ಕಾಡು, ಇದ್ದರೆ ಇನ್ನೂ ಒಳ್ಳೆಯದು. ಕುಮಟಾದಿಂದ ಶಿರಸಿಗೆ ಹತ್ತುವ ದೇವಿಮನೆ ಘಾಟ್, ಯಾಣದ ಸುತ್ತಮುತ್ತ, ಕಾರವಾರದವರಿಗೆ ಕದ್ರಾ ದಾಟಿ ಅಣಶಿಗೆ ಹತ್ತುವ ರಸ್ತೆ, ಜೋಯಿಡಾ ಕಡೆಯ ಗಣೇಶಗುಡಿ, ಇಲ್ಲೆಲ್ಲ ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಸ್ತೆ ಬದಿಯಲ್ಲಿ ನಿಂತರೂ ಈ ಹಕ್ಕಿ ಸಿಗುತ್ತದೆ, ಹಾಗಾಗಿ ಒಳಗೆ ನುಗ್ಗುವ ಅಗತ್ಯ ಇಲ್ಲ.

ಮೊದಲು ಕಿವಿ ಕೊಡಿ. ನಾಲ್ಕೈದು ಸ್ವರಗಳ ಒಂದು ಸಿಳ್ಳೆ. ಮೇಲೆ ಕೆಳಗೆ ಹೋಗುತ್ತದೆ, ಸ್ಪಷ್ಟವಾಗಿರುತ್ತದೆ, ಸ್ವಲ್ಪ ಬಿಟ್ಟು ಮತ್ತೆ ಅದೇ. ಒಮ್ಮೆ ಕೇಳಿ ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ. ಹತ್ತಿರ ಹೋದರೆ ಸಿಳ್ಳೆ ನಿಲ್ಲುತ್ತದೆ, ಚರ್‌ರ್ ಅಂತ ಒರಟು ಗದರಿಕೆ ಶುರುವಾಗುತ್ತದೆ. ಆಗ ನಿಂತಲ್ಲೇ ನಿಲ್ಲಿ. ಒಂದು ಹಕ್ಕಿ ಪೊದೆಯ ಅಂಚಿಗೆ ಬರುತ್ತದೆ. ಬಿದಿರಿನ ಒಂದು ಒಣ ಎಲೆಯ ಸುರುಳಿಯ ಮೇಲೆ ಬಗ್ಗಿ, ತಲೆ ಕೆಳಗಾಗಿ, ಕೊಕ್ಕಿನಿಂದ ಸುರುಳಿ ಬಿಡಿಸಿ ಒಳಗಿನ ಹುಳ ಎಳೆಯುತ್ತದೆ. ಅದು ಹಾರುವ ಮೊದಲೇ ಹಿಂದೆ ಇನ್ನೊಂದು, ಮತ್ತೊಂದು. ಅವುಗಳ ಹಿಂದೆ ಬೇರೆ ಜಾತಿಯ ಹಕ್ಕಿಗಳು. ಭೀಮರಾಜ ಇರಬಹುದು, ಚಳಿಗಾಲದಲ್ಲಾದರೆ ಹಿಮಾಲಯದಿಂದ ಬಂದ ಪುಟ್ಟ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಇರಬಹುದು. ಪಶ್ಚಿಮ ಘಟ್ಟದ ಇಂಥ ಮಿಶ್ರ ಹಿಂಡುಗಳಲ್ಲಿ ಫುಲ್ವೆಟ್ಟ ಮುಖ್ಯ ಹಕ್ಕಿ. ಅದು ಹೋದ ಕಡೆ ಉಳಿದವು ಹೋಗುತ್ತವೆ. ಅಣಶಿಯ ಕಾಡಿನಲ್ಲಿ ಈ ಹಿಂಡುಗಳ ಬಗ್ಗೆ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

ನೋಟ್‌ಬುಕ್ಕಿನಲ್ಲಿ ಈ ಐದು ಲಕ್ಷಣ ಬರೆದುಕೊಳ್ಳಿ: ಗಾತ್ರ (ಸುಮಾರು 15 ಸೆಂ.ಮೀ.), ನೆತ್ತಿಯ ಬಣ್ಣ, ಕೆನ್ನೆಯ ಬಣ್ಣ, ಕಣ್ಣಿನ ಸುತ್ತ ಬಿಳಿ ಉಂಗುರ ಇದೆಯಾ ಇಲ್ಲವಾ, ನೆತ್ತಿಯ ಎರಡು ಬದಿಗೆ ಕಪ್ಪು ಪಟ್ಟಿ ಇದೆಯಾ ಇಲ್ಲವಾ. ನಮ್ಮ ಹಕ್ಕಿಗೆ ಉಂಗುರವೂ ಇಲ್ಲ, ಪಟ್ಟಿಯೂ ಇಲ್ಲ. ಕೆನ್ನೆ ಕಂದು. ಈ ‘ಇಲ್ಲ’ಗಳು ಮುಂದೆ ಕೆಲಸಕ್ಕೆ ಬರುತ್ತವೆ.

ಅದೇ ಬೆಳಿಗ್ಗೆ ಸುತ್ತಮುತ್ತ ಕಾಣುವ ಅದರಂತಹ ಹಕ್ಕಿಗಳನ್ನೂ ಪಟ್ಟಿ ಮಾಡಿ. ಇದು ಬಹಳ ಮುಖ್ಯ, ಬಿಡಬೇಡಿ. ನೆಲದಲ್ಲಿ ತರಗೆಲೆ ಕೆದಕುವ ಪಫ್ ಥ್ರೋಟೆಡ್ ಬ್ಯಾಬ್ಲರ್. ಹಳ್ಳದ ಬದಿಯ ಪೊದೆಯಲ್ಲಿ ಕಪ್ಪು ತಲೆಯ ಡಾರ್ಕ್ ಫ್ರಂಟೆಡ್ ಬ್ಯಾಬ್ಲರ್. ಬಾಗಿದ ಹಳದಿ ಕೊಕ್ಕಿನ ಇಂಡಿಯನ್ ಸಿಮಿಟರ್ ಬ್ಯಾಬ್ಲರ್. ಮನೆ ಹಿತ್ತಲಿಗೇ ಬರುವ ಕಾಡು ಹರಟೆಮಲ್ಲ. ಹಳಿಯಾಳ, ಮುಂಡಗೋಡದ ಒಣ ಕುರುಚಲಿನಲ್ಲಾದರೆ ಹಳದಿ ಕಣ್ಣಿನ ಯಲ್ಲೋ ಐಡ್ ಬ್ಯಾಬ್ಲರ್. ತೋಟದಲ್ಲಿ ಗುಂಪಾಗಿ ಓಡಾಡುವ ಹಸಿರು ಮೈಯ ವೈಟ್ ಐ. ಈ ಕೊನೆಯದನ್ನು ಯಾಕೆ ಸೇರಿಸಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 2: ವೈಜ್ಞಾನಿಕ ಹೆಸರನ್ನು ಪೂರ್ತಿ ಓದಿ

ಹೆಚ್ಚಿನವರು ಎರಡು ಪದ ಓದಿ ಬಿಡುತ್ತಾರೆ. ಆ ಪದಗಳ ಮುಂದೆ ಬರುವ ಮನುಷ್ಯನ ಹೆಸರು ಮತ್ತು ಆವರಣ ಚಿಹ್ನೆಯನ್ನು ಓದುವುದಿಲ್ಲ. ಅರ್ಧ ಇತಿಹಾಸ ಅಲ್ಲೇ ಇರುತ್ತದೆ.

ನಮ್ಮ ಹಕ್ಕಿ: ಆಲ್ಸಿಪಿ ಪೋಯಿಯೊಸೆಫಾಲಾ. ಮುಂದೆ ಜೆರ್ಡನ್ ಅಂತ ಆವರಣದೊಳಗೆ ಇರುತ್ತದೆ. ತೈವಾನಿನ ಅದರ ಬಂಧು: ಆಲ್ಸಿಪಿ ಮಾರಿಸೋನಿಯಾ ಸ್ವಿನ್‌ಹೋ, 1863. ಇಲ್ಲಿ ಆವರಣ ಇಲ್ಲ. ವ್ಯತ್ಯಾಸ ಏನು? ಮೊದಲು ವಿವರಿಸಿದವನು ಹಕ್ಕಿಯನ್ನು ಯಾವ ಕುಲದಲ್ಲಿ ಇಟ್ಟಿದ್ದನೋ ಅದೇ ಕುಲದಲ್ಲಿ ಅದು ಇವತ್ತಿಗೂ ಇದ್ದರೆ ಆವರಣ ಹಾಕುವುದಿಲ್ಲ. ಕುಲ ಬದಲಾಗಿದ್ದರೆ ಹಾಕುತ್ತಾರೆ. ಅಂದರೆ ಜೆರ್ಡನ್ ನಮ್ಮ ಹಕ್ಕಿಯನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದ. ಆ ಕುಲ ಟಿಮಾಲಿಯಾ.

ಥಾಮಸ್ ಜೆರ್ಡನ್ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಕಡೆಯ ವೈದ್ಯ. 1840ರ ದಶಕದಲ್ಲಿ ನೀಲಗಿರಿ ಕಡೆಯ ಮಾದರಿ ನೋಡಿ ಈ ಹಕ್ಕಿಗೆ ಹೆಸರಿಟ್ಟ. ಅದೇ ಹೊತ್ತಿಗೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1844ರಲ್ಲಿ ಆಲ್ಸಿಪಿ ಅನ್ನುವ ಹೊಸ ಕುಲ ಮಾಡಿದ. ನೇಪಾಳದಲ್ಲಿದ್ದ ಬ್ರಯನ್ ಹಾಡ್ಜ್‌ಸನ್ 1837ರಲ್ಲೇ ವಿವರಿಸಿದ್ದ ನೇಪಾಳ ಫುಲ್ವೆಟ್ಟ ಕೂಡ ಕೊನೆಗೆ ಇದೇ ಕುಲಕ್ಕೆ ಬಂತು. ಹಾಗಾಗಿ ಹಾಡ್ಜ್‌ಸನ್ ಹೆಸರಿಗೂ ಆವರಣ ಇದೆ.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಹಕ್ಕಿಗೂ ಹೀಗೆ ಮಾಡಿ: ಕುಲ, ಪ್ರಭೇದ, ವಿವರಿಸಿದವರು, ವರ್ಷ, ಆವರಣ ಇದೆಯಾ ಇಲ್ಲವಾ. ಆವರಣ ಇದ್ದರೆ ಮೊದಲ ಕುಲ ಯಾವುದಿತ್ತು ಅಂತ ಹುಡುಕಿ. ಹತ್ತು ಹಕ್ಕಿಗೆ ಮಾಡಿದರೆ ಸಾಕು, ಯಾವ ಹೆಸರುಗಳು ಗಟ್ಟಿ, ಯಾವುವು ಅಲೆದಾಡಿವೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಇಲ್ಲೇ ಇನ್ನೊಂದು ನಿಯಮ ತಿಳಿದಿಟ್ಟುಕೊಳ್ಳಿ. ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದ ಇರುತ್ತದೆ. ಕುಲ ಒಡೆದಾಗ ಹಳೆಯ ಹೆಸರು ಆ ಪ್ರಭೇದ ಇರುವ ತುಂಡಿನ ಜೊತೆಗೇ ಹೋಗಬೇಕು. ಯಾವ ತುಂಡು ದೊಡ್ಡದು, ಯಾವುದು ಚಂದ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಆಲ್ಸಿಪಿ ಒಡೆದಾಗ ಆದದ್ದು ಹೀಗೇ. ಹೆಸರು ನಮ್ಮ ಕಂದು ಹಕ್ಕಿ ಇದ್ದ ಗುಂಪಿನಲ್ಲೇ ಉಳಿಯಿತು.

ಹೆಜ್ಜೆ 3: ಹಳೆಯ ಗುಂಪು ಹೇಗೆ ಒಡೆಯಿತು ಅನ್ನುವುದನ್ನು ಕ್ರಮವಾಗಿ ಜೋಡಿಸಿ

ನೂರಕ್ಕೂ ಹೆಚ್ಚು ವರ್ಷ ಬ್ಯಾಬ್ಲರ್‌ಗಳ ಕುಟುಂಬ, ಅಂದರೆ ಟಿಮಾಲಿಯಿಡೆ, ಎಲ್ಲಿಗೂ ಸೇರದ ಹಕ್ಕಿಗಳನ್ನು ತುಂಬುವ ಜಾಗವಾಗಿತ್ತು. ಬಲವಾದ ಕಾಲು, ದುಂಡಗಿನ ಗಿಡ್ಡ ರೆಕ್ಕೆ, ಗುಂಪು ಗುಂಪಾಗಿ ಓಡಾಟ. ಇಷ್ಟಿದ್ದರೆ ಬ್ಯಾಬ್ಲರ್. ಆಲ್ಸಿಪಿಯಲ್ಲೂ ಅದೇ ಕಥೆ. ಪುಟ್ಟ ಗಾತ್ರ, ಸಣ್ಣ ಕೊಕ್ಕು, ಕಂದು ಅಥವಾ ಬೂದು ಬಣ್ಣ ಅಂದರೆ ಆಲ್ಸಿಪಿಗೆ ಹಾಕಿದರು.

1898ರಲ್ಲಿ ಜೆ. ಡೇವಿಡ್ಸನ್ ಅನ್ನುವ ಅಧಿಕಾರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಬಗ್ಗೆ ಬರೆದ. ಹಳೆಯ ಸಂಚಿಕೆಗಳು ಅಂತರ್ಜಾಲದ ಜೀವವೈವಿಧ್ಯ ಗ್ರಂಥಾಲಯಗಳಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯ ಹಕ್ಕಿ ನೋಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ಅದನ್ನು ತೆರೆದು ನೋಡಬೇಕು ಅನ್ನುವುದು ನನ್ನ ಒತ್ತಾಯ. ಆ ಕಾಲದ ಹೆಸರುಗಳನ್ನು ಇವತ್ತಿನ ಹೆಸರುಗಳ ಎದುರಿಗೆ ಬರೆದು ನೋಡಿ. ಹಕ್ಕಿ ಅದೇ, ಕಾಡು ಅದೇ. ಬದಲಾಗಿದ್ದು ಸಂಬಂಧದ ಬಗ್ಗೆ ನಮ್ಮ ತಿಳಿವಳಿಕೆ.

ತಿಳಿವಳಿಕೆ ಬದಲಾಗಿದ್ದು ಮುಖ್ಯವಾಗಿ ಈ ಶತಮಾನದಲ್ಲಿ. 2003ರಲ್ಲಿ ಆಲಿಸ್ ಸಿಬ್ವಾ ಅನ್ನುವ ವಿಜ್ಞಾನಿ ಬ್ಯಾಬ್ಲರ್‌ಗಳ ಮೈಟೊಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದ, ಡಿಎನ್ಎ ಹೋಲಿಸಿದಾಗ ಹಳೆಯ ಕುಟುಂಬ ಬಿರುಕು ಬಿಟ್ಟಿತು. 2006ರಲ್ಲಿ ಎರಿಕ್ ಪಾಸ್ಕೆ ಮತ್ತು ಸಂಗಡಿಗರು ಫುಲ್ವೆಟ್ಟಗಳನ್ನೇ ಹಿಡಿದು ಪರೀಕ್ಷಿಸಿದರು. ಆಲ್ಸಿಪಿ ಅಂತ ಕರೆಯುತ್ತಿದ್ದ ಹಕ್ಕಿಗಳು ಒಂದೇ ಮೂಲದಿಂದ ಬಂದವಲ್ಲ ಅಂತ ಸ್ಪಷ್ಟವಾಯಿತು. ಅವು ಬೇರೆ ಬೇರೆ ಕವಲಿನವು.

ಹಿಮಾಲಯದ ವೈಟ್ ಬ್ರೌಡ್ ಫುಲ್ವೆಟ್ಟ ಮತ್ತು ಅದರ ಬಳಗ ಫುಲ್ವೆಟ್ಟ ಅನ್ನುವ ಪ್ರತ್ಯೇಕ ಕುಲಕ್ಕೆ ಹೋಯಿತು. ಅವುಗಳ ನಿಜವಾದ ನೆಂಟರು ಗಿಳಿಯಂಥ ಕೊಕ್ಕಿನ ಪ್ಯಾರಟ್‌ಬಿಲ್‌ಗಳು. ಬಂಗಾರದ ಎದೆಯ ಗೋಲ್ಡನ್ ಬ್ರೆಸ್ಟೆಡ್ ಫುಲ್ವೆಟ್ಟ ಲಿಯೊಪಾರಸ್ ಅನ್ನುವ ಕುಲದಲ್ಲಿ ಒಂಟಿಯಾಗಿದೆ, ಅದೂ ಪ್ಯಾರಟ್‌ಬಿಲ್ ಕಡೆಯದೇ. ಈಶಾನ್ಯ ಭಾರತದ ರೂಫಸ್ ವಿಂಗ್ಡ್, ಯಲ್ಲೋ ಥ್ರೋಟೆಡ್ ಫುಲ್ವೆಟ್ಟಗಳು ಸ್ಕೀನಿಪಾರಸ್ ಕುಲಕ್ಕೆ ಹೋಗಿ, ನಮ್ಮ ಪಫ್ ಥ್ರೋಟೆಡ್ ಬ್ಯಾಬ್ಲರ್ ಇರುವ ಪೆಲ್ಲೋರ್ನಿಡೆ ಕುಟುಂಬ ಸೇರಿದವು. ಇಂಗ್ಲಿಷಿನಲ್ಲಿ ಎಲ್ಲವೂ ಇನ್ನೂ ಫುಲ್ವೆಟ್ಟಗಳೇ. ಇಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯ ಹೆಸರು ಒಂದೇ ಇದ್ದ ಮಾತ್ರಕ್ಕೆ ಸಂಬಂಧ ಒಂದೇ ಅಲ್ಲ.

ಉಳಿದ ನಿಜವಾದ ಆಲ್ಸಿಪಿ ಎಲ್ಲಿಗೆ ಸೇರಬೇಕು? ಕೆಲವು ಕಾಲ ಪೆಲ್ಲೋರ್ನಿಡೆಯಲ್ಲಿ, ಕೆಲವು ಪಟ್ಟಿಗಳಲ್ಲಿ ಹರಟೆಮಲ್ಲಗಳ ಲಿಯೋತ್ರಿಕಿಡೆಯಲ್ಲಿ ಇಟ್ಟರು. 2019ರಲ್ಲಿ ಚೀನಾದ ತ್ಯಾನ್‌ಲಾಂಗ್ ಕೈ, ಸ್ವೀಡನ್ನಿನ ಪೆರ್ ಆಲ್ಸ್ಟ್ರೋಮ್ ಮೊದಲಾದವರು ಜಗತ್ತಿನ ಬಹುತೇಕ ಎಲ್ಲ ಬ್ಯಾಬ್ಲರ್‌ಗಳನ್ನು ಸೇರಿಸಿ ದೊಡ್ಡ ವಂಶವೃಕ್ಷ ಮಾಡಿದರು. ಆಲ್ಸಿಪಿಯ ಕವಲು ಲಿಯೋತ್ರಿಕಿಡೆಗೆ ಹತ್ತಿರ, ಆದರೆ ಅದರ ಒಳಗಲ್ಲ, ಬಹಳ ಹಿಂದೆಯೇ ಬೇರೆಯಾದದ್ದು. ಹಾಗಾಗಿ ಅದಕ್ಕೆ ಆಲ್ಸಿಪಿಯಿಡೆ ಅನ್ನುವ ಸ್ವಂತ ಕುಟುಂಬ. ಒಂದೇ ಕುಲ ಇರುವ ಕುಟುಂಬ.

ಈಗ ಹೆಜ್ಜೆ 1ರ ಪಟ್ಟಿ ತೆಗೆಯಿರಿ. ಪಫ್ ಥ್ರೋಟೆಡ್ ಬ್ಯಾಬ್ಲರ್: ಪೆಲ್ಲೋರ್ನಿಡೆ. ಡಾರ್ಕ್ ಫ್ರಂಟೆಡ್ ಮತ್ತು ಸಿಮಿಟರ್ ಬ್ಯಾಬ್ಲರ್: ಟಿಮಾಲಿಯಿಡೆ. ಕಾಡು ಹರಟೆಮಲ್ಲ: ಲಿಯೋತ್ರಿಕಿಡೆ. ಯಲ್ಲೋ ಐಡ್ ಬ್ಯಾಬ್ಲರ್: ಪ್ಯಾರಟ್‌ಬಿಲ್‌ಗಳ ಪ್ಯಾರಡೋಕ್ಸಾರ್ನಿತಿಡೆ. ಫುಲ್ವೆಟ್ಟ: ಆಲ್ಸಿಪಿಯಿಡೆ. ಒಂದು ಜಿಲ್ಲೆಯ ‘ಬ್ಯಾಬ್ಲರ್‌ಗಳು’ ಐದು ಕುಟುಂಬಗಳಲ್ಲಿ ಹರಡಿವೆ. ಇನ್ನು ಆ ಹಸಿರು ವೈಟ್ ಐ? ಅದನ್ನು ಹಿಂದೆ ಯಾರೂ ಬ್ಯಾಬ್ಲರ್ ಅಂದವರಲ್ಲ. ಡಿಎನ್ಎ ಪ್ರಕಾರ ಅದರ ಕುಟುಂಬದ ಕವಲು ಈ ಬ್ಯಾಬ್ಲರ್ ಕವಲುಗಳ ಮಧ್ಯದಲ್ಲೇ ಇದೆ. ಹಳದಿ ಕಣ್ಣಿನ ಬ್ಯಾಬ್ಲರ್‌ಗಿಂತ ಹಸಿರು ವೈಟ್ ಐ ನಮ್ಮ ಫುಲ್ವೆಟ್ಟಕ್ಕೆ ಹತ್ತಿರದ ನೆಂಟ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿದರೆ ಇದು ಎಂದೂ ಹೊಳೆಯುತ್ತಿರಲಿಲ್ಲ.

ಹೆಜ್ಜೆ 4: ಕುಲದ ಹತ್ತು ಪ್ರಭೇದಗಳನ್ನು ವಿಂಗಡಿಸಿ

ಇವತ್ತಿನ ಆಲ್ಸಿಪಿಯಲ್ಲಿ 10 ಪ್ರಭೇದ. ಉರು ಹೊಡೆಯಬೇಡಿ. ಊರು ಮತ್ತು ಮುಖ, ಇವೆರಡರಿಂದ ವಿಂಗಡಿಸಿದರೆ ತಾನಾಗಿ ನೆನಪಿರುತ್ತದೆ.

ಮೊದಲು ಮುಖದಲ್ಲಿ ಗುರುತೇ ಇಲ್ಲದವು. ನಮ್ಮ ಕಂದುಕೆನ್ನೆ, ಮಲಯಾ–ಸುಮಾತ್ರಾ–ಬೋರ್ನಿಯೊದ ಬ್ರೌನ್ ಫುಲ್ವೆಟ್ಟ, ಜಾವಾ ದ್ವೀಪದ ಜಾವನ್ ಫುಲ್ವೆಟ್ಟ. ನಮ್ಮದರ ಪೂರ್ವದ ಕೆಲವು ಉಪಪ್ರಭೇದಗಳಿಗೆ ನೆತ್ತಿಯ ಬದಿಯಲ್ಲಿ ಕಪ್ಪು ಗೆರೆ ಬರುತ್ತದೆ, ಅದನ್ನು ನೆನಪಿಡಿ.

ಆಮೇಲೆ ಬೂದು ತಲೆ, ಕಪ್ಪು ಪಟ್ಟಿ, ಕಣ್ಣಿಗೆ ಬಿಳಿ ಉಂಗುರ ಇರುವವು. ಹಿಮಾಲಯದಿಂದ ಮ್ಯಾನ್ಮಾರ್‌ವರೆಗಿನ ನೇಪಾಳ ಫುಲ್ವೆಟ್ಟದಲ್ಲಿ ಉಂಗುರ ಎದ್ದು ಕಾಣುತ್ತದೆ. ಮಲಯಾ ಮತ್ತು ಇಂಡೊಚೈನಾದ ಬೆಟ್ಟಗಳ ಮೌಂಟನ್ ಫುಲ್ವೆಟ್ಟದಲ್ಲೂ ಇದೆ. ಅದರ ಜೊತೆಗೇ ಒಂದು ಕಾಲದಲ್ಲಿ ಸೇರಿಸಿದ್ದ ಬ್ಲ್ಯಾಕ್ ಬ್ರೌಡ್ ಫುಲ್ವೆಟ್ಟ ತಗ್ಗಿನ ಕಾಡಿನದು, ಅದರಲ್ಲಿ ಉಂಗುರ ಇಲ್ಲವೆನ್ನುವಷ್ಟು ಕಡಿಮೆ.

ಉಳಿದ ನಾಲ್ಕು ಒಂದೇ ಹಕ್ಕಿಯಿಂದ ಬಂದವು. ಗ್ರೇ ಚೀಕ್ಡ್ ಫುಲ್ವೆಟ್ಟ ಅಂತ ತೈವಾನ್‌ನಿಂದ ಮ್ಯಾನ್ಮಾರ್‌ವರೆಗೆ ಒಂದೇ ಪ್ರಭೇದ ಅಂದುಕೊಂಡಿದ್ದರು. ಡಿಎನ್ಎಯಲ್ಲಿ ಸ್ಪಷ್ಟವಾದ ಬೇರೆ ಬೇರೆ ಕವಲು ಕಂಡವು. ಈಗ ಮಾರಿಸೋನಿಯಾ ತೈವಾನಿಗೆ ಮಾತ್ರ ಸೇರಿದ್ದು. ಚೀನಾದ ಆಗ್ನೇಯ ಭಾಗ ಮತ್ತು ಹೈನಾನ್‌ನದು ಹ್ಯೂಯೆ ಫುಲ್ವೆಟ್ಟ. ಸಿಚುವಾನ್ ಸುತ್ತಮುತ್ತ ಮತ್ತು ಉತ್ತರ ವಿಯೆಟ್ನಾಮಿನದು ಡೇವಿಡ್ ಫುಲ್ವೆಟ್ಟ. ಯುನ್ನಾನ್ ಮತ್ತು ಪಕ್ಕದ ನಾಡಿನದು ಯುನ್ನಾನ್ ಫುಲ್ವೆಟ್ಟ. ಈ ನಾಲ್ಕನ್ನು ಹತ್ತಿರ ಹತ್ತಿರ ಇಟ್ಟರೂ ಬಣ್ಣದಿಂದ ಹೇಳುವುದು ಕಷ್ಟ. ಸಿಕ್ಕಿದ ಊರು ಗೊತ್ತಿದ್ದರೆ ಮಾತ್ರ ಸುಲಭ.

ಭಾರತದ ಮಟ್ಟಿಗೆ ಎರಡೇ: ನೇಪಾಳ ಮತ್ತು ಕಂದುಕೆನ್ನೆ. ಕರ್ನಾಟಕಕ್ಕೆ ಒಂದೇ. ಹಾಗಾಗಿ ಇಲ್ಲಿ ಹಕ್ಕಿ ಗುರುತಿಸುವಲ್ಲಿ ಗೊಂದಲ ಇಲ್ಲ, ಮನಸ್ಸೆಲ್ಲ ವರ್ಗೀಕರಣದ ಮೇಲೆ ಇಡಬಹುದು.

ಹೆಜ್ಜೆ 5: ನಿಮ್ಮದೇ ವಂಶವೃಕ್ಷ ಕಟ್ಟಿ

ಇದು ಈ ಮಾರ್ಗದರ್ಶಿಯ ಹೃದಯ. ಒಂದು ಶನಿವಾರ, ಭಾನುವಾರ ಕೈಯಲ್ಲಿಟ್ಟುಕೊಂಡು ಕೂರಿ.

ಹಕ್ಕಿ ಹಿಡಿಯುವುದು, ರಕ್ತ ತೆಗೆಯುವುದು, ಗರಿಗಾಗಿ ಗೂಡು ಕೀಳುವುದು ಯಾವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಅಗತ್ಯವೂ ಇಲ್ಲ. ವಿಜ್ಞಾನಿಗಳು ಓದಿದ ಡಿಎನ್ಎ ಅಕ್ಷರಗಳನ್ನೆಲ್ಲ ಜೀನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದಾರೆ. ದುಡ್ಡಿಲ್ಲ, ಲಾಗಿನ್ ಕೂಡ ಬೇಕಿಲ್ಲ.

ಅಲ್ಲಿ ನ್ಯೂಕ್ಲಿಯೊಟೈಡ್ ವಿಭಾಗ ಆರಿಸಿ, ಹಕ್ಕಿಯ ವೈಜ್ಞಾನಿಕ ಹೆಸರಿನ ಜೊತೆ ಸೈಟೊಕ್ರೋಮ್ ಬಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕಿ. ಹಕ್ಕಿಗಳ ಅಧ್ಯಯನದಲ್ಲಿ ಈ ಮೈಟೊಕಾಂಡ್ರಿಯಾ ಜೀನ್ ಬಹಳ ಹಿಂದಿನಿಂದ ಬಳಕೆಯಲ್ಲಿದೆ, ಹೆಚ್ಚಿನ ಹಕ್ಕಿಗಳಲ್ಲಿ 1,143 ಅಕ್ಷರ ಉದ್ದ. ಆಲ್ಸಿಪಿಯಲ್ಲಿ ಸಿಕ್ಕಷ್ಟು ಪ್ರಭೇದ ತೆಗೆದುಕೊಳ್ಳಿ. ಜೊತೆಗೆ ಪಫ್ ಥ್ರೋಟೆಡ್ ಬ್ಯಾಬ್ಲರ್, ಒಂದು ಸಿಮಿಟರ್ ಬ್ಯಾಬ್ಲರ್, ಒಂದು ಹರಟೆಮಲ್ಲ, ಒಂದು ಲಾಫಿಂಗ್ ಥ್ರಶ್, ವೈಟ್ ಬ್ರೌಡ್ ಫುಲ್ವೆಟ್ಟ, ರೂಫಸ್ ವಿಂಗ್ಡ್ ಫುಲ್ವೆಟ್ಟ, ಒಂದು ಪ್ಯಾರಟ್‌ಬಿಲ್, ವೈಟ್ ಐ. ಎಲ್ಲಕ್ಕೂ ಹೊರಗಿನವನಾಗಿ ಒಂದು ಹಕ್ಕಿ ಬೇಕು, ಮರಕ್ಕೆ ಬೇರು ಎಲ್ಲಿ ಅಂತ ತೋರಿಸಲು. ಬುಲ್‌ಬುಲ್ ಜಾತಿಯ ಒಂದನ್ನು ಹಾಕಿ, ನಮ್ಮ ಪಿಕಳಾರ ಆದರೂ ಆಯಿತು. ಎಲ್ಲವನ್ನೂ ಫಾಸ್ಟಾ ಅನ್ನುವ ಸರಳ ಪಠ್ಯ ರೂಪದಲ್ಲಿ ಉಳಿಸಿ.

ಉಳಿಸುವ ಮುಂಚೆ ಪ್ರತಿ ದಾಖಲೆಯನ್ನೂ ತೆರೆದು ಓದಿ. ಎಲ್ಲಿ ಸಿಕ್ಕಿದ ಹಕ್ಕಿ? ಯಾವ ಮ್ಯೂಸಿಯಂನಲ್ಲಿ ಅದರ ಮಾದರಿ ಇದೆ? ಮಾರಿಸೋನಿಯಾ ಅಂತ ಬರೆದಿರುವ ಹಳೆಯ ದಾಖಲೆ ಯುನ್ನಾನ್‌ನದ್ದಾದರೆ ಇವತ್ತಿನ ಲೆಕ್ಕದಲ್ಲಿ ಅದು ಯುನ್ನಾನ್ ಫುಲ್ವೆಟ್ಟ. ಇದನ್ನು ಗಮನಿಸದೆ ಹಾಕಿದರೆ ಒಂದೇ ಹೆಸರಿನ ಹಕ್ಕಿ ಮರದಲ್ಲಿ ಎರಡು ಕಡೆ ಕೂರುತ್ತದೆ. ತೀರಾ ಚಿಕ್ಕ ತುಣುಕುಗಳನ್ನು ಬಿಡಿ, 600 ಅಕ್ಷರಕ್ಕಿಂತ ಕಡಿಮೆ ಇರುವುದು ಬೇಡ ಅನ್ನುವುದು ನನ್ನ ಲೆಕ್ಕ.

ಮುಂದೆ ಮೆಗಾ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲ್ ತೆರೆದು ಮಸಲ್ ಅನ್ನುವ ಆಯ್ಕೆಯಿಂದ ಅಕ್ಷರಗಳನ್ನು ಒಂದರ ಕೆಳಗೊಂದು ಹೊಂದಿಸಿ. ಬಣ್ಣ ಬಣ್ಣದ ಕಂಬಗಳು ಬರುತ್ತವೆ: ಎ, ಸಿ, ಜಿ, ಟಿ. ಇಲ್ಲಿ ಅವಸರ ಮಾಡಬೇಡಿ. ನಿಧಾನವಾಗಿ ಬಲಕ್ಕೆ ಸರಿಸುತ್ತಾ ಹೋಗಿ. ಮೂರು ಮೂರು ಅಕ್ಷರದ ಗುಂಪಿನಲ್ಲಿ ಮೊದಲೆರಡು ಹೆಚ್ಚಾಗಿ ಒಂದೇ ಬಣ್ಣ, ಮೂರನೆಯದರಲ್ಲಿ ಮಾತ್ರ ಬಣ್ಣಗಳ ಗಲಾಟೆ. ಯಾಕೆಂದರೆ ಸಿಸಿಎ, ಸಿಸಿಸಿ, ಸಿಸಿಜಿ, ಸಿಸಿಟಿ ನಾಲ್ಕೂ ಪ್ರೋಲಿನ್ ಅನ್ನುವ ಒಂದೇ ಅಮೈನೊ ಆಮ್ಲವನ್ನು ಸೂಚಿಸುತ್ತವೆ. ಮೂರನೆಯ ಅಕ್ಷರ ಬದಲಾದರೂ ಹಕ್ಕಿಗೆ ಏನೂ ಆಗುವುದಿಲ್ಲ, ಹಾಗಾಗಿ ಬದಲಾವಣೆ ಉಳಿದುಕೊಳ್ಳುತ್ತದೆ. ವಿಕಾಸ ನಡೆದ ಗುರುತು ಇಷ್ಟು ನೇರವಾಗಿ ಕಣ್ಣಿಗೆ ಬೀಳುವ ಜಾಗ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಈಗ ಒಂದು ಪರೀಕ್ಷೆ. ಕಶೇರುಕಗಳ ಮೈಟೊಕಾಂಡ್ರಿಯಾ ಸಂಕೇತ ಆರಿಸಿ ಪ್ರೋಟೀನಿಗೆ ಅನುವಾದಿಸಿ. ಮಧ್ಯದಲ್ಲಿ ನಿಲುಗಡೆ ಚಿಹ್ನೆ ಬಂದರೆ ಎರಡು ಸಾಧ್ಯತೆ: ಹೊಂದಿಸುವಾಗ ಅಕ್ಷರ ಸರಿದಿದೆ, ಅಥವಾ ಅದು ನಿಜವಾದ ಮೈಟೊಕಾಂಡ್ರಿಯಾ ಜೀನ್ ಅಲ್ಲ, ಎಂದೋ ಜೀವಕೋಶದ ನ್ಯೂಕ್ಲಿಯಸ್‌ಗೆ ನಕಲಾಗಿ ಕೆಲಸ ಬಿಟ್ಟ ತುಣುಕು. ಎರಡನೆಯದಾದರೆ ಆ ದಾಖಲೆಯನ್ನು ತೆಗೆದುಬಿಡಿ. ಮಧ್ಯದಲ್ಲಿ ಖಾಲಿ ಜಾಗ ಬಂದರೂ ಅನುಮಾನ ಪಡಿ. ಈ ಜೀನಿನಲ್ಲಿ ಸಾಮಾನ್ಯವಾಗಿ ಬರಬಾರದು.

ಎಲ್ಲ ಸರಿಯಿದ್ದರೆ, ಅಕ್ಷರ ಬದಲಾಗುವ ರೀತಿಗೆ ಯಾವ ಮಾಡೆಲ್ (ಲೆಕ್ಕದ ಸೂತ್ರ) ಹೊಂದುತ್ತದೆ ಅಂತ ಮೆಗಾಕ್ಕೇ ಕೇಳಿ. ಅದು ಹೇಳಿದ್ದನ್ನು ಬಳಸಿ ಮ್ಯಾಕ್ಸಿಮಮ್ ಲೈಕ್ಲಿಹುಡ್ ಮರ, ಅಂದರೆ ಈ ಅಕ್ಷರಗಳಿಗೆ ಅತಿ ಹೆಚ್ಚು ಹೊಂದುವ ಮರ, ಕಟ್ಟಿಸಿ. ಬೂಟ್‌ಸ್ಟ್ರ್ಯಾಪ್, ಅಂದರೆ ಅಕ್ಷರದ ಕಂಬಗಳನ್ನು ಮತ್ತೆ ಮತ್ತೆ ಆರಿಸಿ ಮರ ಕಟ್ಟಿ ನೋಡುವ ಸಂಖ್ಯೆ, 500 ಅಥವಾ 1000 ಇಡಿ. ಹಳೆಯ ಲ್ಯಾಪ್‌ಟಾಪ್ ಆದರೆ ಇದಕ್ಕೆ ಹೊತ್ತು ಹಿಡಿಯುತ್ತದೆ, ಓಡಲು ಬಿಟ್ಟು ಊಟ ಮುಗಿಸಿ ಬನ್ನಿ.

ಮರ ಬಂದ ಮೇಲೆ ಬೇರು ಪಿಕಳಾರದ ಕಡೆ ಇಡಿ. ಪ್ರತಿ ಕವಲಿನ ಮೇಲಿನ ಅಂಕಿ ನೋಡಿ, ನೂರು ಸಲದಲ್ಲಿ ಎಷ್ಟು ಸಲ ಆ ಕವಲು ಬಂತು ಅನ್ನುವ ಲೆಕ್ಕ ಅದು. 70ಕ್ಕಿಂತ ಮೇಲಿದ್ದರೆ ಆ ಕವಲನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು, 50ಕ್ಕಿಂತ ಕಡಿಮೆಯಾದರೆ ಇಲ್ಲವೆಂದೇ ತಿಳಿಯಿರಿ. ಮೊದಲ ಪ್ರಶ್ನೆ: ನಿಜವಾದ ಆಲ್ಸಿಪಿಗಳೆಲ್ಲ ಒಟ್ಟಿಗೆ ಇವೆಯಾ? ಎರಡನೆಯದು: ವೈಟ್ ಬ್ರೌಡ್ ಫುಲ್ವೆಟ್ಟ ಅವುಗಳಿಂದ ದೂರ, ಪ್ಯಾರಟ್‌ಬಿಲ್ ಪಕ್ಕದಲ್ಲಿ ಕೂತಿದೆಯಾ? ಮೂರನೆಯದು: ರೂಫಸ್ ವಿಂಗ್ಡ್ ಎಲ್ಲಿದೆ? ಇವಕ್ಕೆ ಉತ್ತರ ಸಿಕ್ಕರೆ 2006ರ ಅಧ್ಯಯನದ ಮುಖ್ಯ ಮಾತನ್ನು ನೀವು ಮನೆಯಲ್ಲೇ ಪರೀಕ್ಷಿಸಿದಂತಾಯಿತು.

ಆದರೆ ಆಲ್ಸಿಪಿ ಹರಟೆಮಲ್ಲದ ಪಕ್ಕವೋ, ಪಫ್ ಥ್ರೋಟೆಡ್ ಪಕ್ಕವೋ ಅನ್ನುವಲ್ಲಿ ನಿಮ್ಮ ಮರ ತಡವರಿಸಿದರೆ ಆಶ್ಚರ್ಯ ಬೇಡ. ಆ ಕವಲು ಬಹಳ ಹಳೆಯದು. ಅಷ್ಟು ಕಾಲದಲ್ಲಿ ಮೂರನೆಯ ಅಕ್ಷರ ಹಲವು ಸಲ ಬದಲಾಗಿ ಹಳೆಯ ಗುರುತು ಅಳಿಸಿ ಹೋಗಿರುತ್ತದೆ. ಒಂದೇ ಒಂದು ಜೀನ್ ಇಂಥ ಹಳೆಯ ಪ್ರಶ್ನೆಗೆ ಸಾಲದು. ಮೈಟೊಕಾಂಡ್ರಿಯಾ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಅನ್ನುವ ಮಿತಿಯೂ ಇದೆ. ಅದಕ್ಕೇ ದೊಡ್ಡ ಅಧ್ಯಯನಗಳಲ್ಲಿ ನ್ಯೂಕ್ಲಿಯಸ್ಸಿನ ಹಲವು ಜೀನ್‌ಗಳನ್ನೂ ಸೇರಿಸುತ್ತಾರೆ. ಉತ್ಸಾಹ ಇದ್ದರೆ ಎನ್‌ಡಿ2 ಅನ್ನುವ ಇನ್ನೊಂದು ಮೈಟೊಕಾಂಡ್ರಿಯಾ ಜೀನ್ ಹಾಕಿ ಇನ್ನೊಂದು ಮರ ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಗಟ್ಟಿಯಾಗಿ ಉಳಿದ ಕವಲಿಗೆ ಬೆಲೆ ಜಾಸ್ತಿ.

ಹೆಜ್ಜೆ 6: ದನಿಯನ್ನು ದಾಖಲಿಸಿ

ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವಾಗ ಡಿಎನ್ಎ ಒಂದೇ ಸಾಕ್ಷಿಯಲ್ಲ. ಬಣ್ಣ, ಅಳತೆ, ಹಾಡು ಎಲ್ಲ ಲೆಕ್ಕಕ್ಕೆ ಬರುತ್ತವೆ. ಬರ್ಡ್‌ಲೈಫ್ ಅನ್ನುವ ಪಕ್ಷಿ ಸಂರಕ್ಷಣಾ ಸಂಸ್ಥೆಯ ಪಟ್ಟಿಗೆ 2010ರಲ್ಲಿ ಪ್ರಕಟವಾದ ಒಂದು ಅಂಕ ಪದ್ಧತಿ ಆಧಾರ. ಎರಡು ಹಕ್ಕಿಗಳ ನಡುವಿನ ವ್ಯತ್ಯಾಸಕ್ಕೆ ಅಂಕ ಕೊಟ್ಟು, ಒಟ್ಟು 7 ಮುಟ್ಟಿದರೆ ಬೇರೆ ಪ್ರಭೇದ ಅನ್ನುತ್ತಾರೆ. ಅದರಲ್ಲಿ ದನಿಗೂ ಅಂಕ ಇದೆ.

ನಮ್ಮ ಹಕ್ಕಿಯ ವಿಷಯದಲ್ಲಿ ಇದು ನಿಜವಾಗಿ ಮುಖ್ಯ. ಕಂದುಕೆನ್ನೆ ಪರ್ಯಾಯ ದ್ವೀಪದ ಭಾರತದಲ್ಲಿದೆ, ಆಮೇಲೆ ಈಶಾನ್ಯ ಭಾರತದಿಂದ ಇಂಡೊಚೈನಾವರೆಗೆ ಇದೆ. ನಡುವೆ ದೊಡ್ಡ ಅಂತರ. ಇಷ್ಟು ದೂರ ಹಂಚಿಹೋದ ಹಕ್ಕಿ ನಿಜವಾಗಿ ಒಂದೇನಾ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಮುಂದೆ ಒಡೆದರೂ ಪೋಯಿಯೊಸೆಫಾಲಾ ಅನ್ನುವ ಹೆಸರು ನಮ್ಮ ಕಡೆಯ ಹಕ್ಕಿಗೇ ಉಳಿಯುತ್ತದೆ, ಯಾಕೆಂದರೆ ಜೆರ್ಡನ್‌ನ ಮಾದರಿ ದಕ್ಷಿಣದ್ದು. ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ನಮ್ಮ ಜಿಲ್ಲೆಯ ಒಳ್ಳೆಯ ರೆಕಾರ್ಡಿಂಗ್‌ಗಳು ಬೇಕಾಗುತ್ತವೆ.

ಮೊಬೈಲ್ ಸಾಕು. ರೆಕಾರ್ಡರ್‌ನಲ್ಲಿ ವೇವ್ ರೂಪ ಆರಿಸಿ, ಎಂಪಿ3 ಬೇಡ, ಅದು ದನಿಯನ್ನು ಕತ್ತರಿಸುತ್ತದೆ. ಸಿಳ್ಳೆ ಶುರುವಾಗುವ ಮುಂಚೆಯೇ ರೆಕಾರ್ಡ್ ಒತ್ತಿ. ಹಳ್ಳದ ಸದ್ದಿನಿಂದ ದೂರ ನಿಲ್ಲಿ. ಕೊನೆಯಲ್ಲಿ ನಿಮ್ಮ ದನಿಯಲ್ಲೇ ಊರು, ತಾರೀಖು, ಹೊತ್ತು, ಹಕ್ಕಿಯನ್ನು ಕಣ್ಣಾರೆ ನೋಡಿದಿರಾ ಇಲ್ಲವಾ ಅನ್ನುವುದನ್ನು ಹೇಳಿ. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳದ (ಜಿಗಣೆಯ) ಬಂದೋಬಸ್ತು ಮಾಡಿಕೊಂಡು ಹೋಗಿ, ಕಾಲು ಕೆರೆಯುತ್ತಾ ನಿಂತರೆ ರೆಕಾರ್ಡಿಂಗ್ ಕೆಡುತ್ತದೆ.

ಒಂದು ವಿನಂತಿ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. ಗೂಡಿನ ಕಾಲದಲ್ಲಿ ಅದು ಮರಿ ಬಿಟ್ಟು ಎದುರಾಳಿ ಹುಡುಕುತ್ತಾ ಸುಸ್ತಾಗುತ್ತದೆ. ಕರೆಸಿಕೊಂಡ ದನಿ ಅದರ ಸಹಜ ದನಿಯೂ ಅಲ್ಲ, ನಿಮ್ಮ ಕೆಲಸಕ್ಕೂ ಅದು ಹಾಳು.

ಮನೆಗೆ ಬಂದು ಆಡಾಸಿಟಿ ಅನ್ನುವ ಉಚಿತ ದನಿ ಸಾಫ್ಟ್‌ವೇರ್‌ನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ (ದನಿಯ ಏರಿಳಿತದ ಚಿತ್ರ) ನೋಟಕ್ಕೆ ಬದಲಿಸಿ. ಪ್ರತಿ ಸಿಳ್ಳೆಯಲ್ಲಿ ಎಷ್ಟು ಸ್ವರ, ಒಟ್ಟು ಎಷ್ಟು ಸೆಕೆಂಡು, ಅತಿ ಎತ್ತರದ ಮತ್ತು ತಗ್ಗಿನ ಆವರ್ತನ ಎಷ್ಟು. ನಾಲ್ಕೇ ಕಾಲಮ್ಮಿನ ಕೋಷ್ಟಕ. ಆಮೇಲೆ ಹಕ್ಕಿಗಳ ದನಿ ಸಂಗ್ರಹಿಸುವ ಜೆನೊ ಕ್ಯಾಂಟೊ ತಾಣದಲ್ಲಿ ಅಸ್ಸಾಂ, ಥಾಯ್ಲೆಂಡ್ ಕಡೆಯ ರೆಕಾರ್ಡಿಂಗ್ ಇಳಿಸಿಕೊಂಡು ಅದೇ ಅಳತೆ ತೆಗೆಯಿರಿ. ಒಂದೆರಡು ಹಕ್ಕಿಯಿಂದ ತೀರ್ಮಾನಕ್ಕೆ ಬರಬೇಡಿ, ಒಂದೇ ಹಕ್ಕಿಯೂ ಬೆಳಿಗ್ಗೆ ಒಂದು ತರ, ಸಂಜೆ ಒಂದು ತರ ಹಾಡಬಹುದು. ನಿಮ್ಮ ರೆಕಾರ್ಡಿಂಗನ್ನೂ ಅಲ್ಲೇ ಏರಿಸಿ.

ಹೆಜ್ಜೆ 7: ಪಟ್ಟಿಗಳನ್ನು ತಾಳೆ ನೋಡಿ

ಜಗತ್ತಿನ ಹಕ್ಕಿಗಳಿಗೆ ಬಹಳ ಕಾಲ ಒಂದಕ್ಕಿಂತ ಹೆಚ್ಚು ಪಟ್ಟಿಗಳಿದ್ದವು. ಹಕ್ಕಿ ನೋಡಿದ್ದನ್ನು ದಾಖಲಿಸುವ ಇಬರ್ಡ್ ತಾಣ ಬಳಸುವ ಕ್ಲೆಮೆಂಟ್ಸ್, ಅಂತರರಾಷ್ಟ್ರೀಯ ಪಕ್ಷಿತಜ್ಞರ ಐಒಸಿ, ಬರ್ಡ್‌ಲೈಫ್. ಒಂದರಲ್ಲಿ ಬೇರೆ ಪ್ರಭೇದ, ಇನ್ನೊಂದರಲ್ಲಿ ಉಪಪ್ರಭೇದ, ಹೀಗೆ. 2025ರಲ್ಲಿ ಇವರೆಲ್ಲ ಸೇರಿ ಏವಿಲಿಸ್ಟ್ ಅನ್ನುವ ಒಂದೇ ಪಟ್ಟಿ ತಂದರು. ಹಳೆಯ ಪುಸ್ತಕ, ಹಳೆಯ ಲೇಖನ ಓದುವಾಗ ಮಾತ್ರ ಅದು ಯಾವ ಪಟ್ಟಿಯನ್ನು ಅನುಸರಿಸಿದೆ ಅಂತ ಮೊದಲು ನೋಡಿ. ನಿಮ್ಮ ಕೋಷ್ಟಕದಲ್ಲೂ ಹೆಸರಿನ ಪಕ್ಕ ಪಟ್ಟಿಯ ಹೆಸರು, ವರ್ಷ ಬರೆಯಿರಿ. ‘ಆಲ್ಸಿಪಿ ಮಾರಿಸೋನಿಯಾ’ ಅಂತ ಮಾತ್ರ ಬರೆದರೆ ಓದುವವರಿಗೆ ಅದು ತೈವಾನಿನ ಹಕ್ಕಿಯೋ, ಹಳೆಯ ದೊಡ್ಡ ಗುಂಪೋ ಗೊತ್ತಾಗುವುದಿಲ್ಲ.

ಇಬರ್ಡ್‌ನಲ್ಲಿ ವರ್ಷಕ್ಕೊಮ್ಮೆ ಹೆಸರುಗಳು ಬದಲಾಗುತ್ತವೆ. ಒಂದು ಪ್ರಭೇದ ಒಡೆದಾಗ, ನೀವು ಹಕ್ಕಿ ನೋಡಿದ ಜಾಗ ನೋಡಿ ನಿಮ್ಮ ಹಳೆಯ ದಾಖಲೆಯನ್ನು ಸರಿಯಾದ ಹೆಸರಿಗೆ ವರ್ಗಾಯಿಸುತ್ತಾರೆ. ಜಾಗ ಸರಿಯಾಗಿ ಗುರುತಿಸಿದ್ದರೆ ಮಾತ್ರ ಇದು ಸಾಧ್ಯ. ‘ಉತ್ತರ ಕನ್ನಡ’ ಅಂತ ಜಿಲ್ಲೆಯನ್ನು ಒತ್ತಿ ಬಿಡಬೇಡಿ. ದೇವಿಮನೆ ಘಾಟ್ ಆದರೆ ಆ ತಿರುವಿನ ಮೇಲೇ ಗುರುತು ಹಾಕಿ. ಹಿಂಡಿನಲ್ಲಿ ಎಷ್ಟು ಫುಲ್ವೆಟ್ಟ ಇದ್ದವು, ಜೊತೆಗೆ ಯಾವ ಯಾವ ಹಕ್ಕಿ ಇತ್ತು, ಮುಂದೆ ಯಾವುದು ಹೋಗುತ್ತಿತ್ತು ಅನ್ನುವುದನ್ನು ಟಿಪ್ಪಣಿಯ ಜಾಗದಲ್ಲಿ ಸೇರಿಸಿ, ರೆಕಾರ್ಡಿಂಗ್ ಇದ್ದರೆ ಅದನ್ನೂ ಲಗತ್ತಿಸಿ. ಘಾಟ್‌ನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಇಬರ್ಡ್ ಆ್ಯಪ್‌ನಲ್ಲಿ ಕರ್ನಾಟಕದ ಪ್ಯಾಕ್ (ಹಕ್ಕಿಗಳ ಪಟ್ಟಿ) ಇಳಿಸಿಟ್ಟುಕೊಳ್ಳಿ.